ನ್ಯಾಯಾಧೀಶರ ನೇಮಕ ಮತ್ತು ಪಕ್ಷಕಲಹ: ಅಮೆರಿಕದ ಸೆನೆಟ್ ಸಭೆಯ ಅನುಭವ

೧೯೮೬ನೆಯ ಇಸವಿಯಲ್ಲಿ ಆಂಟನಿನ್ ಸ್ಕಾಲಿಯಾ ಅವರನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸುವ ಪ್ರಸ್ತಾಪ ಬಂದಾಗ, ಸೆನೆಟ್ ಸಭೆಯು ಅದನ್ನು ೯೮ ಮತಗಳಿಂದ ಅವಿರೋಧವಾಗಿ ಅಂಗೀಕರಿಸಿತು. ೧೯೯೩ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಹೆಸರು ಬಂದಾಗ ಪರವಾಗಿ ೯೬ ಮತಗಳೂ ವಿರುದ್ಧವಾಗಿ ೩ ಮತಗಳೂ ಬಿದ್ದುವು. ಇವರಿಬ್ಬರ ನ್ಯಾಯದೃಷ್ಟಿಗಳು ಉತ್ತರ ದಕ್ಷಿಣಗಳಷ್ಟು ಭಿನ್ನವಾಗಿದ್ದುವೆಂಬುದು ಸೆನೆಟರರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ತಿಳಿದೂ ಅವರು ಇಬ್ಬರಿಗೂ ಸಮ್ಮತಿಯಿತ್ತರು. ೨೦೨೦ರಲ್ಲಿ ಗಿನ್ಸ್‌ಬರ್ಗ್ ಅವರು ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಏಮಿ ಕೋನಿ ಬ್ಯಾರೆಟ್ ಅವರು ನಾಮನಿರ್ದೇಶಿತರಾದರು. ಆಗ ಪರವಾಗಿ ೫೨, ವಿರುದ್ಧವಾಗಿ ೪೮ ಮತಗಳು ಬಿದ್ದುವು. ಅಧ್ಯಕ್ಷರ ಎದುರು ಪಕ್ಷದಿಂದ ಒಂದೇ ಒಂದು ಮತವೂ ಪರವಾಗಿ ಬರಲಿಲ್ಲ. ಒಬ್ಬ ನ್ಯಾಯಾಧೀಶರ ಸೇವಾವಧಿಯೊಳಗೆ ನಡೆದುಹೋದ ಈ ಬದಲಾವಣೆಗೆ ಕಾರಣವೇನು?

ನ್ಯಾಯಾಧೀಶರ ನೇಮಕದಲ್ಲಿ ರಾಜಕೀಯವು ಇತ್ತೀಚೆಗೆ ತಲೆಹಾಕಿತು, ಹಿಂದೆ ಯೋಗ್ಯತೆಯೊಂದನ್ನೇ ನೋಡುತ್ತಿದ್ದರು ಎಂಬ ಮಾತನ್ನು ಸಾಮಾನ್ಯವಾಗಿ ಕೇಳುತ್ತೇವೆ. ಇತಿಹಾಸವು ಈ ಮಾತನ್ನು ಸಮರ್ಥಿಸುವುದಿಲ್ಲ. ಕಲಹವು ಆ ಗಣರಾಜ್ಯದಷ್ಟೇ ಹಳೆಯದು. ಹಾಗಿದ್ದಲ್ಲಿ ಹೊಸದಾದುದು ಯಾವುದು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ಇದನ್ನು ಬಿಡಿಸುವುದಕ್ಕೆ ನಾವು ಒಂದು ಸರಳವಾದ ಅಳತೆಗೋಲನ್ನು ಹಿಡಿದಿದ್ದೇವೆ. ಪ್ರತಿಯೊಂದು ಕಲಹದಲ್ಲಿಯೂ ಗೆದ್ದವರು ಯಾರು ಎಂಬುದಕ್ಕಿಂತ, ತಮ್ಮ ಪಕ್ಷದ ಗೆರೆಯನ್ನು ದಾಟಿ ಮತವಿತ್ತವರು ಎಷ್ಟು ಮಂದಿ ಎಂಬುದನ್ನು ನೋಡಬೇಕು. ಅಂಥವರು ಇರುವಷ್ಟು ಕಾಲ ಕಲಹವು ಎಷ್ಟೇ ಉಗ್ರವಾಗಿದ್ದರೂ ಅದು ವ್ಯಕ್ತಿಯ ಯೋಗ್ಯಾಯೋಗ್ಯತೆಯನ್ನು ಕುರಿತ ವಿಚಾರವಾಗಿ ಉಳಿಯುತ್ತದೆ. ಅವರು ಇಲ್ಲವಾದಾಗ ಅದು ಬರಿಯ ತಲೆಯೆಣಿಕೆಯಾಗುತ್ತದೆ.

೧

ಮೊದಲು ಈ ಅಧಿಕಾರದ ಮೂಲವನ್ನು ನೋಡೋಣ. ೧೭೮೭ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಾಜ್ಯಾಂಗವನ್ನು ರಚಿಸಲು ನೆರೆದವರ ಮುಂದೆ ಬಂದ ಮೊದಲ ಯೋಜನೆಯು ನ್ಯಾಯಾಧೀಶರನ್ನು ಆರಿಸುವ ಅಧಿಕಾರವನ್ನು ಶಾಸಕಾಂಗಕ್ಕೆ ಕೊಡುತ್ತಿತ್ತು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ನರು ಇದನ್ನು ಪ್ರತಿಭಟಿಸಿ, ದೊಡ್ಡ ಸಭೆಗಳ ಕೈಯಲ್ಲಿ ನೇಮಕವಿದ್ದರೆ ಒಳಸಂಚು ಪಕ್ಷಪಾತಗಳು ತಪ್ಪವೆಂದೂ ಅಧಿಕಾರವನ್ನು ಒಬ್ಬನೇ ಹೊಣೆಗಾರನಿಗೆ ಒಪ್ಪಿಸಬೇಕೆಂದೂ ವಾದಿಸಿದರು. ಒಬ್ಬನಿಗೆ ಒಪ್ಪಿಸಿದರೆ ಅದು ಅರಸೊತ್ತಿಗೆಯ ದಾರಿಯಾದೀತೆಂದು ಮತ್ತೆ ಕೆಲವರು ಅಂಜಿದರು. ವೃದ್ಧರಾದ ಬೆಂಜಮಿನ್ ಫ್ರಾಂಕ್ಲಿನ್ನರು ನಡುವೆ ಒಂದು ವಿನೋದದ ಮಾತನ್ನು ಹೇಳಿದರೆಂದು ಮ್ಯಾಡಿಸನ್ನರ ಟಿಪ್ಪಣಿಗಳಿಂದ ತಿಳಿಯುತ್ತದೆ: ಸ್ಕಾಟ್ಲೆಂಡಿನಲ್ಲಿ ಆಯ್ಕೆಯನ್ನು ವಕೀಲರೇ ಮಾಡುತ್ತಾರೆ, ತಮ್ಮಲ್ಲಿ ಅತ್ಯಂತ ಸಮರ್ಥನಾದವನನ್ನೇ ಅವರು ಪೀಠಕ್ಕೇರಿಸುತ್ತಾರೆ, ಏಕೆಂದರೆ ಅವನ ಕಕ್ಷಿಗಾರರನ್ನು ಉಳಿದವರು ಹಂಚಿಕೊಳ್ಳಬಹುದು! ಸ್ವಾರ್ಥವೇ ಸಾರ್ವಜನಿಕ ಹಿತವನ್ನು ಸಾಧಿಸಿಕೊಡುವಂಥ ಏರ್ಪಾಡು ಎಲ್ಲ ಕಡೆಯೂ ದೊರೆಯುವುದಿಲ್ಲ. ಕೊನೆಗೆ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಆಗಲೇ ರೂಢಿಯಲ್ಲಿದ್ದ ಕ್ರಮವನ್ನು ಹೋಲುವ ರಾಜಿಯೊಂದಾಯಿತು. ಅಧ್ಯಕ್ಷನು ಹೆಸರನ್ನು ಸೂಚಿಸಬೇಕು. ಸೆನೆಟ್ ಸಭೆಯ ಸಲಹೆ ಮತ್ತು ಸಮ್ಮತಿಯನ್ನು ಪಡೆದು ನೇಮಿಸಬೇಕು.

ಈ ವಿಧಿಯಲ್ಲಿ ಹೇಳಿರುವುದಕ್ಕಿಂತ ಹೇಳದೆ ಬಿಟ್ಟಿರುವುದು ಹೆಚ್ಚು. ನ್ಯಾಯಾಧೀಶನಿಗೆ ಇರಬೇಕಾದ ಅರ್ಹತೆಗಳು ಯಾವುವು, ಯಾವ ಕಾರಣಗಳಿಗಾಗಿ ಸಮ್ಮತಿಯನ್ನು ನಿರಾಕರಿಸಬಹುದು, ಎಷ್ಟು ಕಾಲದೊಳಗೆ ತೀರ್ಮಾನಿಸಬೇಕು, ತೀರ್ಮಾನಿಸಲೇಬೇಕೆ ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ಸರ್ವೋಚ್ಚ ನ್ಯಾಯಾಲಯದಲ್ಲಿ ಎಷ್ಟು ಮಂದಿ ಇರಬೇಕೆಂಬುದನ್ನು ಕೂಡ ರಾಜ್ಯಾಂಗವು ಗೊತ್ತುಮಾಡಲಿಲ್ಲ. ಆದರೆ ಒಮ್ಮೆ ಪೀಠವನ್ನೇರಿದವನು ಸನ್ನಡತೆಯಿರುವವರೆಗೂ, ಎಂದರೆ ವಸ್ತುತಃ ಜೀವಾವಧಿ, ಅಲ್ಲಿ ಕುಳಿತಿರಬಹುದೆಂದು ಅದು ಸ್ಪಷ್ಟವಾಗಿ ಹೇಳಿತು. ಸೆನೆಟ್ ಸಭೆಯ ಕಣ್ಣಿದೆಯೆಂಬ ಅಂಜಿಕೆಯೇ ಅಧ್ಯಕ್ಷನನ್ನು ಅಯೋಗ್ಯರ ನೇಮಕದಿಂದ ತಡೆಯುವುದು, ನಿರಾಕರಣೆಯ ಪ್ರಸಂಗಗಳು ವಿರಳವಾಗಿರುವುವು ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ನರು ಭಾವಿಸಿದ್ದರು. ಆ ಹೊತ್ತಿಗೆ ರಾಜಕೀಯ ಪಕ್ಷಗಳು ಇನ್ನೂ ಹುಟ್ಟಿರಲಿಲ್ಲ. ಪಕ್ಷಗಳಿಲ್ಲದ ಲೋಕಕ್ಕಾಗಿ ಕಟ್ಟಿದ ಮನೆಯಲ್ಲಿ ಪಕ್ಷಗಳು ಬಂದು ನೆಲೆಸಿದುವು. ಮುಂದಿನ ಕಥೆಯ ಬೀಜ ಇಲ್ಲಿದೆ.

೨

ಆ ಬೀಜವು ಮೊಳೆಯುವುದಕ್ಕೆ ಎಂಟೇ ವರ್ಷಗಳು ಸಾಕಾದುವು. ೧೭೯೫ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಜಾನ್ ಜೇ ಅವರು ನ್ಯೂಯಾರ್ಕಿನ ಗವರ್ನರರಾಗಲು ರಾಜೀನಾಮೆ ಕೊಟ್ಟಾಗ, ವಾಷಿಂಗ್‌ಟನ್ನರು ದಕ್ಷಿಣ ಕರೋಲಿನಾದ ಜಾನ್ ರಟ್ಲೆಜ್ ಅವರನ್ನು ಆ ಸ್ಥಾನಕ್ಕೆ ಆರಿಸಿದರು. ರಟ್ಲೆಜ್ ಅವರು ರಾಜ್ಯಾಂಗರಚನೆಯಲ್ಲಿಯೇ ಭಾಗವಹಿಸಿದ್ದವರು, ಯೋಗ್ಯತೆಯ ಕೊರತೆಯಿರಲಿಲ್ಲ. ಆದರೆ ಜೇ ಅವರು ಬ್ರಿಟನ್ನಿನೊಡನೆ ಮಾಡಿಕೊಂಡಿದ್ದ ಒಪ್ಪಂದವನ್ನು ಖಂಡಿಸಿ ಚಾರ್ಲ್ಸ್‌ಟನ್ ನಗರದಲ್ಲಿ ಅವರೊಂದು ಭಾಷಣವನ್ನು ಮಾಡಿಬಿಟ್ಟಿದ್ದರು. ವಾಷಿಂಗ್‌ಟನ್ನರ ನೀತಿಯನ್ನು ಬೆಂಬಲಿಸುತ್ತಿದ್ದ ಫೆಡರಲಿಸ್ಟ್ ಸೆನೆಟರರೇ ಸೇರಿ ಡಿಸೆಂಬರ್ ೧೫ರಂದು ೧೪ಕ್ಕೆ ೧೦ ಮತಗಳಿಂದ ಅವರ ಹೆಸರನ್ನು ತಿರಸ್ಕರಿಸಿದರು. ರಾಷ್ಟ್ರಪಿತನ ನಾಮನಿರ್ದೇಶನವನ್ನು ಅವನ ಬೆಂಬಲಿಗರೇ ಒಂದು ರಾಜಕೀಯ ಅಭಿಪ್ರಾಯಕ್ಕಾಗಿ ತಳ್ಳಿಹಾಕಿದರೆಂಬುದು ನಮ್ಮ ವಿಷಯದ ಮೊದಲನೆಯ ಅಧ್ಯಾಯ.

೧೮೦೧ರ ಪ್ರಸಂಗವು ಇನ್ನಷ್ಟು ಬೋಧಪ್ರದವಾದುದು. ಚುನಾವಣೆಯಲ್ಲಿ ಸೋತು ಅಧಿಕಾರವನ್ನು ಬಿಟ್ಟುಕೊಡಲಿದ್ದ ಜಾನ್ ಆಡಮ್ಸರು ಕೊನೆಯ ವಾರಗಳಲ್ಲಿ ಜಾನ್ ಮಾರ್ಷಲ್ಲರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು. ಹೊಸ ಶಾಸನವೊಂದರ ಮೂಲಕ ಹದಿನಾರು ಹೊಸ ನ್ಯಾಯಾಧೀಶರ ಸ್ಥಾನಗಳನ್ನು ನಿರ್ಮಿಸಿ ತಮ್ಮವರಿಂದ ತುಂಬಿದರು. ಮರುವರ್ಷ ಜೆಫರ್ಸನ್ನರ ಪಕ್ಷವು ಆ ಶಾಸನವನ್ನೇ ರದ್ದುಮಾಡಿ ಆ ಸ್ಥಾನಗಳನ್ನು ಅಳಿಸಿಹಾಕಿತು. ಮಾರ್ಷಲ್ಲರು ಮಾತ್ರ ೧೮೩೫ರವರೆಗೆ, ಮೂವತ್ತನಾಲ್ಕು ವರ್ಷಗಳ ಕಾಲ, ಪೀಠದಲ್ಲಿದ್ದು ಆಡಮ್ಸರ ಪಕ್ಷವು ನಾಮಾವಶೇಷವಾದ ಮೇಲೆಯೂ ಆ ಪಕ್ಷದ ರಾಜ್ಯಾಂಗದೃಷ್ಟಿಯನ್ನು ಉಳಿಸಿದರು. ಚುನಾವಣೆಯಲ್ಲಿ ಕಳೆದುಕೊಂಡುದನ್ನು ನ್ಯಾಯಪೀಠದಲ್ಲಿ ಉಳಿಸಿಕೊಳ್ಳಬಹುದೆಂಬ ಪಾಠವನ್ನು ಅಮೆರಿಕದ ಪಕ್ಷಗಳು ಅಂದು ಕಲಿತುವು, ಮುಂದೆಂದೂ ಮರೆಯಲಿಲ್ಲ.

ತರುವಾಯದ ದೃಷ್ಟಾಂತಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬ್ಯಾಂಕಿನ ವಿವಾದದಲ್ಲಿ ಆಂಡ್ರೂ ಜ್ಯಾಕ್ಸನ್ನರ ಬಲಗೈಯಾಗಿದ್ದ ರಾಜರ್ ಟಾನಿ ಅವರ ನಾಮನಿರ್ದೇಶನವನ್ನು ಸೆನೆಟ್ ಸಭೆಯು ೧೮೩೫ರ ಅಧಿವೇಶನದ ಕೊನೆಯ ದಿನ ಮುಂದೂಡಿ ಕೊಂದಿತು. ಸಭೆಯ ಬಲಾಬಲ ಬದಲಾದ ಮೇಲೆ ೧೮೩೬ರಲ್ಲಿ ಅದೇ ವ್ಯಕ್ತಿಯನ್ನು ೨೯ಕ್ಕೆ ೧೫ ಮತಗಳಿಂದ ಮುಖ್ಯ ನ್ಯಾಯಾಧೀಶನ ಪೀಠದಲ್ಲಿಯೇ ಕುಳ್ಳಿರಿಸಿತು. ಸ್ವಪಕ್ಷದವರಾದ ವಿಗ್ಗರೊಡನೆಯೇ ಮುನಿಸಿಕೊಂಡಿದ್ದ ಜಾನ್ ಟೈಲರರ ನಾಮನಿರ್ದೇಶನಗಳು ಒಂದರಮೇಲೊಂದಾಗಿ ಬಿದ್ದುಹೋಗಿ, ಹೆನ್ರಿ ಬಾಲ್ಡ್‌ವಿನ್ನರ ಮರಣದಿಂದ ೧೮೪೪ರಲ್ಲಿ ತೆರವಾದ ಸ್ಥಾನವು ಎರಡು ವರ್ಷಗಳಿಗೂ ಹೆಚ್ಚು ಕಾಲ ಬರಿದಾಗಿ ಉಳಿಯಿತು. ೧೮೬೬ರಲ್ಲಿ ಕಾಂಗ್ರೆಸ್ಸು ನ್ಯಾಯಾಧೀಶರ ಸಂಖ್ಯೆಯನ್ನು ಕ್ರಮಕ್ರಮವಾಗಿ ಏಳಕ್ಕೆ ಇಳಿಸುವ ಶಾಸನವನ್ನು ಮಾಡಿ, ಆಂಡ್ರೂ ಜಾನ್ಸನ್ನರಿಗೆ ನೇಮಿಸುವ ಅವಕಾಶವೇ ಇಲ್ಲದಂತೆ ಮಾಡಿತು; ಅವರು ಇಳಿದ ಮೇಲೆ ೧೮೬೯ರಲ್ಲಿ ಸಂಖ್ಯೆಯನ್ನು ಒಂಬತ್ತಕ್ಕೆ ಏರಿಸಿತು. ೧೮೮೧ರಲ್ಲಿ ರೈಲ್ವೆ ಕಂಪೆನಿಗಳ ಸಂಬಂಧದ ಆಕ್ಷೇಪಕ್ಕೆ ಗುರಿಯಾದ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರು ೨೪ಕ್ಕೆ ೨೩, ಎಂದರೆ ಒಂದೇ ಮತದ ಅಂತರದಿಂದ ಪಾರಾದರು. ೧೮೯೪ರಲ್ಲಿ ಡೆಮೊಕ್ರಾಟ್ ಅಧ್ಯಕ್ಷರಾದ ಕ್ಲೀವ್‌ಲೆಂಡರ ಇಬ್ಬರು ನಾಮನಿರ್ದೇಶಿತರನ್ನು ಕೆಡವಿದವರಲ್ಲಿ ಮುಂದಾಳಾಗಿದ್ದವರು ಅವರದೇ ಪಕ್ಷದ ನ್ಯೂಯಾರ್ಕಿನ ಸೆನೆಟರ್ ಡೇವಿಡ್ ಹಿಲ್.

ಇವೆಲ್ಲವೂ ಇಂದಿನ ಕಲಹಗಳಿಗಿಂತ ಸೌಮ್ಯವಾಗಿದ್ದುವೆಂದು ಹೇಳುವಂತಿಲ್ಲ. ನ್ಯಾಯಾಲಯದ ಗಾತ್ರವನ್ನೇ ಹಿಗ್ಗಿಸಿ ಕುಗ್ಗಿಸುವುದಕ್ಕಿಂತ ಒರಟಾದ ಆಯುಧ ಯಾವುದು? ಆದರೆ ನಾವು ಹಿಡಿದಿರುವ ಅಳತೆಗೋಲನ್ನು ಇಟ್ಟು ನೋಡಿದರೆ ಒಂದು ಅಂಶ ವಿಶದವಾಗುತ್ತದೆ. ರಟ್ಲೆಜ್, ಟೈಲರ್, ಕ್ಲೀವ್‌ಲೆಂಡರ ಪ್ರಸಂಗಗಳಲ್ಲಿ ಅಧ್ಯಕ್ಷನನ್ನು ಎದುರಿಸಿದವರು ಅವನ ಕಡೆಯವರೇ. ಒಳಜಗಳ, ಪ್ರಾಂತೀಯ ಅಭಿಮಾನ, ಆರ್ಥಿಕ ನೀತಿ, ವೈಯಕ್ತಿಕ ಹಗೆ ಇವೆಲ್ಲವೂ ಪಕ್ಷದ ಗೋಡೆಗಳನ್ನು ಅಡ್ಡಡ್ಡವಾಗಿ ಸೀಳುತ್ತಿದ್ದುವು.

೩

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಈ ಚರ್ಚೆಗಳು ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುವು. ೧೯೧೩ರ ಹದಿನೇಳನೆಯ ತಿದ್ದುಪಡಿಯಿಂದ ಸೆನೆಟರರು ನೇರವಾಗಿ ಮತದಾರರಿಂದ ಚುನಾಯಿತರಾಗತೊಡಗಿದರು. ಮತದಾರನಿಗೆ ಉತ್ತರ ಹೇಳಬೇಕಾದವನು ಅವನಿಗೆ ಕೇಳಿಸುವಂತೆಯೇ ಮಾತನಾಡಬೇಕಾಯಿತು. ೧೯೧೬ರ ಜನವರಿಯಲ್ಲಿ ವುಡ್ರೋ ವಿಲ್ಸನ್ನರು ಲೂಯಿ ಬ್ರಾಂಡೈಸ್ ಅವರನ್ನು ನಾಮನಿರ್ದೇಶ ಮಾಡಿದಾಗ ಸೆನೆಟಿನ ನ್ಯಾಯಾಂಗ ಸಮಿತಿಯು ಮೊದಲ ಬಾರಿಗೆ ಬಹಿರಂಗ ವಿಚಾರಣೆಯನ್ನು ನಡೆಸಿತು. ಬ್ರಾಂಡೈಸ್ ಅವರು ದೊಡ್ಡ ಬಂಡವಾಳಗಾರರ ವಿರುದ್ಧ ಹೋರಾಡಿ ಹೆಸರಾದವರು. ಆ ನ್ಯಾಯಾಲಯಕ್ಕೆ ಹೆಸರಿಸಲ್ಪಟ್ಟು ಪೀಠವೇರಿದ ಮೊದಲ ಯೆಹೂದ್ಯರು. ಮಾಜಿ ಅಧ್ಯಕ್ಷ ಟ್ಯಾಫ್ಟ್ ಅವರೂ ಸೇರಿದಂತೆ ವಕೀಲರ ಸಂಘದ ಹಲವು ಮಾಜಿ ಅಧ್ಯಕ್ಷರು ಅವರನ್ನು ಅಯೋಗ್ಯರೆಂದು ಸಾರಿದರು. ನಾಲ್ಕು ತಿಂಗಳ ತರುವಾಯ ಜೂನ್ ೧ರಂದು ೪೭ಕ್ಕೆ ೨೨ ಮತಗಳಿಂದ ಅವರಿಗೆ ಸಮ್ಮತಿ ದೊರೆಯಿತು. ಪಕ್ಷಗಳು ಬಹುಮಟ್ಟಿಗೆ ಇಬ್ಭಾಗವಾಗಿ ನಿಂತಿದ್ದರೂ, ಲಾ ಫಾಲೆಟ್, ನಾರಿಸ್ ಮೊದಲಾದ ಪ್ರಗತಿಪರ ರಿಪಬ್ಲಿಕನ್ನರು ಗೆರೆಯನ್ನು ದಾಟಿ ಪರವಾಗಿ ಮತವಿತ್ತರು.

೧೯೩೦ರಲ್ಲಿ ಹೂವರರು ಹೆಸರಿಸಿದ ಜಾನ್ ಪಾರ್ಕರ್ ಅವರನ್ನು ೪೧ಕ್ಕೆ ೩೯ ಮತಗಳಿಂದ ಸೋಲಿಸಲಾಯಿತು. ಕಾರ್ಮಿಕ ಸಂಘಗಳೂ ನೀಗ್ರೋ ಜನಾಂಗದ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘವೂ ಅವರನ್ನು ವಿರೋಧಿಸಿದುವು. ಸಂಘಟಿತ ಜನಾಭಿಪ್ರಾಯವು ನೇಮಕವೊಂದನ್ನು ತಡೆಯಬಲ್ಲುದೆಂಬುದು ಆಗ ಸಿದ್ಧವಾಯಿತು. ಅಲ್ಲಿಯೂ ಅಧ್ಯಕ್ಷರ ಪಕ್ಷದವರೇ ಆದ ಪ್ರಗತಿಪರ ರಿಪಬ್ಲಿಕನ್ನರು ಡೆಮೊಕ್ರಾಟರೊಡನೆ ಕೂಡಿಕೊಂಡುದರಿಂದಲೇ ಪಾರ್ಕರ್ ಅವರು ಸೋತರು.

ಶಾಲೆಗಳಲ್ಲಿ ವರ್ಣಭೇದವು ಅಸಿಂಧುವೆಂದು ಸಾರಿದ ೧೯೫೪ರ ಬ್ರೌನ್ ತೀರ್ಪಿನ ತರುವಾಯ ನಾಮನಿರ್ದೇಶಿತರು ಸಮಿತಿಯ ಮುಂದೆ ಹಾಜರಾಗಿ ಪ್ರಶ್ನೆಗಳಿಗೆ ಉತ್ತರಿಸುವುದು ರೂಢಿಯಾಯಿತು. ಆ ಕಾಲದ ಕಲಹವು ಪಕ್ಷಗಳದ್ದಕ್ಕಿಂತ ಹೆಚ್ಚಾಗಿ ಪ್ರದೇಶಗಳದ್ದು. ತರ್ಗುಡ್ ಮಾರ್ಷಲ್ ಅವರನ್ನು ಮೇಲ್ಮನವಿಯ ನ್ಯಾಯಾಲಯಕ್ಕೆ ನೇಮಿಸುವ ಪ್ರಸ್ತಾಪವನ್ನು ಸುಮಾರು ಒಂದು ವರ್ಷ ತಡೆಹಿಡಿದವರು ಅಧ್ಯಕ್ಷ ಕೆನಡಿಯವರ ಪಕ್ಷಕ್ಕೇ ಸೇರಿದ ದಕ್ಷಿಣದ ಡೆಮೊಕ್ರಾಟರು. ೧೯೬೭ರಲ್ಲಿ ೬೯ಕ್ಕೆ ೧೧ ಮತಗಳಿಂದ ಮಾರ್ಷಲ್ ಅವರು ಸರ್ವೋಚ್ಚ ನ್ಯಾಯಾಲಯದ ಮೊದಲ ಕರಿಯ ನ್ಯಾಯಾಧೀಶರಾದಾಗ ವಿರೋಧಿಸಿದವರಲ್ಲಿ ಹೆಚ್ಚಿನವರು ಅದೇ ಗುಂಪಿನವರು.

೪

ಈ ಕಥೆಯ ತಿರುವನ್ನು ಸಾಮಾನ್ಯವಾಗಿ ೧೯೬೮ಕ್ಕೆ ಇಡುತ್ತಾರೆ. ಅಧ್ಯಕ್ಷ ಲಿಂಡನ್ ಜಾನ್ಸನ್ನರು ತಮ್ಮ ಅಧಿಕಾರದ ಕೊನೆಯ ವರ್ಷದಲ್ಲಿ ಏಬ್ ಫೋರ್ಟಾಸ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲು ಬಯಸಿದರು. ಮಾತನ್ನು ಮುಗಿಸದೆ ಮುಂದುವರಿಸುತ್ತ ಹೋಗಿ ಮತಗಣನೆಯನ್ನೇ ತಡೆಯುವ, ಫಿಲಿಬಸ್ಟರ್ ಎಂದು ಹೆಸರಾದ ಉಪಾಯವನ್ನು ರಿಪಬ್ಲಿಕನ್ನರೂ ದಕ್ಷಿಣದ ಡೆಮೊಕ್ರಾಟರೂ ಕೂಡಿ ಹೂಡಿದರು. ಚರ್ಚೆಯನ್ನು ಮುಗಿಸಬೇಕೆಂಬ ಗೊತ್ತುವಳಿಗೆ ಆಗ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದುವು. ಬಿದ್ದುದು ೪೫ಕ್ಕೆ ೪೩. ನಾಮನಿರ್ದೇಶನವನ್ನು ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ನಿಕ್ಸನ್ನರು ಹೆಸರಿಸಿದ ಕ್ಲೆಮೆಂಟ್ ಹೇನ್ಸ್‌ವರ್ತ್ ಅವರು ೫೫ಕ್ಕೆ ೪೫ ಮತಗಳಿಂದಲೂ, ೧೯೭೦ರ ಏಪ್ರಿಲಿನಲ್ಲಿ ಹ್ಯಾರಲ್ಡ್ ಕಾರ್ಸ್‌ವೆಲ್ ಅವರು ೫೧ಕ್ಕೆ ೪೫ ಮತಗಳಿಂದಲೂ ಸೋತರು. ಕಾರ್ಸ್‌ವೆಲ್ ಅವರು ಸಾಮಾನ್ಯ ದರ್ಜೆಯವರೆಂಬ ಟೀಕೆಗೆ ಅವರ ಬೆಂಬಲಿಗರಾದ ಸೆನೆಟರ್ ಹ್ರೂಸ್ಕಾ ಅವರು, ಸಾಮಾನ್ಯರಿಗೂ ನ್ಯಾಯಪೀಠದಲ್ಲಿ ಪ್ರಾತಿನಿಧ್ಯ ಬೇಡವೇ ಎಂದು ಕೇಳಿ ತಮ್ಮ ಅಭ್ಯರ್ಥಿಗೆ ತಾವೇ ಕೇಡನ್ನು ತಂದರು. ಇಲ್ಲಿ ನಮಗೆ ಮುಖ್ಯವಾದ ಸಂಖ್ಯೆ ಬೇರೆ. ಹೇನ್ಸ್‌ವರ್ತ್ ಅವರ ವಿರುದ್ಧ ೧೭ ಮಂದಿಯೂ ಕಾರ್ಸ್‌ವೆಲ್ ಅವರ ವಿರುದ್ಧ ೧೩ ಮಂದಿಯೂ ಅಧ್ಯಕ್ಷರ ಪಕ್ಷದ ಸೆನೆಟರರೇ ಮತವಿತ್ತರು. ತರುವಾಯ ಹೆಸರಿಸಲ್ಪಟ್ಟ ಹ್ಯಾರಿ ಬ್ಲ್ಯಾಕ್‌ಮನ್ ಅವರಿಗೆ ೯೪ ಮತಗಳ ಅವಿರೋಧ ಸಮ್ಮತಿ ದೊರೆಯಿತು.

೧೯೮೭ರ ರಾಬರ್ಟ್ ಬೋರ್ಕ್ ಅವರ ಪ್ರಸಂಗವು ಇದಕ್ಕಿಂತ ಕಠೋರವಾದುದು. ಅವರ ವಿದ್ವತ್ತನ್ನು ಯಾರೂ ಅಲ್ಲಗಳೆಯಲಿಲ್ಲ. ಅವರ ರಾಜ್ಯಾಂಗಸಿದ್ಧಾಂತವೇ ವಿಚಾರಣೆಗೆ ಒಳಗಾಯಿತು. ಖಾಸಗಿ ಜೀವನದ ಹಕ್ಕು, ನಾಗರಿಕ ಹಕ್ಕುಗಳು ಇತ್ಯಾದಿ ವಿಷಯಗಳಲ್ಲಿ ತಮ್ಮ ಮನಸ್ಸಿನಲ್ಲಿದ್ದುದನ್ನು ಅವರು ಪ್ರಾಧ್ಯಾಪಕರ ಧಾಟಿಯಲ್ಲಿ ಸಮಿತಿಯ ಮುಂದೆ ದಿನಗಟ್ಟಲೆ ವಿವರಿಸಿದರು. ೫೮ಕ್ಕೆ ೪೨ ಮತಗಳಿಂದ ಸೋತರು. ಆರು ಮಂದಿ ರಿಪಬ್ಲಿಕನ್ನರು ಅವರ ವಿರುದ್ಧವೂ ಇಬ್ಬರು ಡೆಮೊಕ್ರಾಟರು ಅವರ ಪರವಾಗಿಯೂ ನಿಂತಿದ್ದರು. ಈ ಸೋಲಿನಿಂದ ಮುಂದಿನ ನಾಮನಿರ್ದೇಶಿತರು ಕಲಿತ ಪಾಠವೆಂದರೆ ಮೌನ. ಬಹಿರಂಗ ವಿಚಾರಣೆಯ ಉದ್ದೇಶ ಅಭ್ಯರ್ಥಿಯ ಮನಸ್ಸನ್ನು ತಿಳಿಯುವುದು. ಅದು ಮುಂದೆ ಅಭ್ಯರ್ಥಿಯು ತನ್ನ ಮನಸ್ಸನ್ನು ಬಿಟ್ಟುಕೊಡದಿರುವ ಕಲೆಯ ಪರೀಕ್ಷೆಯಾಗಿ ಮಾರ್ಪಟ್ಟಿತು. ೧೯೯೧ರಲ್ಲಿ ಕ್ಲಾರೆನ್ಸ್ ತಾಮಸ್ ಅವರ ಮೇಲೆ ಅವರ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಅನಿಟಾ ಹಿಲ್ ಅವರು ಹೊರಿಸಿದ ಲೈಂಗಿಕ ಕಿರುಕುಳದ ಆಪಾದನೆಯನ್ನು ಇಡೀ ದೇಶವೇ ದೂರದರ್ಶನದಲ್ಲಿ ಕಂಡಿತು. ತಾಮಸ್ ಅವರು ಆಪಾದನೆಯನ್ನು ನಿರಾಕರಿಸಿದರು. ೫೨ಕ್ಕೆ ೪೮ ಮತಗಳಿಂದ ಆಯ್ಕೆಯಾದರು. ಅಷ್ಟು ಉರಿಯ ನಡುವೆಯೂ ೧೧ ಮಂದಿ ಡೆಮೊಕ್ರಾಟರು ಅವರ ಪರವಾಗಿ ಮತವಿತ್ತಿದ್ದರು. ಅವರಲ್ಲಿ ಮೂರು ಮಂದಿ ಬೇರೆ ಕಡೆ ವಾಲಿದ್ದರೂ ಅವರು ಆಯ್ಕೆಯಾಗುತ್ತಿರಲಿಲ್ಲ.

೫

ಗೆರೆಯು ಗೋಡೆಯಾದುದು ಇಪ್ಪತ್ತೊಂದನೆಯ ಶತಮಾನದಲ್ಲಿ. ಅದರ ಮೊದಲ ಕಲ್ಲುಗಳು ಬಿದ್ದುದು ಕೆಳಗಿನ ನ್ಯಾಯಾಲಯಗಳ ನೇಮಕದಲ್ಲಿ. ೨೦೦೧ರಲ್ಲಿ ಬುಷ್ ಅವರು ಮೇಲ್ಮನವಿಯ ನ್ಯಾಯಾಲಯಕ್ಕೆ ಹೆಸರಿಸಿದ ಮಿಗೆಲ್ ಎಸ್ಟ್ರಾಡಾ ಅವರನ್ನು ಡೆಮೊಕ್ರಾಟರು ಫಿಲಿಬಸ್ಟರಿನಿಂದ ತಡೆದರು. ಚರ್ಚೆಯನ್ನು ಮುಗಿಸುವ ಪ್ರಯತ್ನಗಳು ಏಳು ಬಾರಿ ವಿಫಲವಾದ ಮೇಲೆ ೨೦೦೩ರಲ್ಲಿ ಅವರೇ ಹಿಂದೆ ಸರಿದರು. ಸಭೆಯ ನಿಯಮದ ಅರ್ಥವನ್ನೇ ಬದಲಾಯಿಸಿ ಸರಳ ಬಹುಮತದಿಂದ ಚರ್ಚೆಯನ್ನು ಮುಗಿಸುವುದಾಗಿ ರಿಪಬ್ಲಿಕನ್ನರು ಬೆದರಿಸಿದರು. ೨೦೦೫ರ ಮೇ ತಿಂಗಳಲ್ಲಿ ಎರಡೂ ಪಕ್ಷಗಳಿಂದ ಏಳೇಳು ಮಂದಿ, ಒಟ್ಟು ಹದಿನಾಲ್ಕು ಸೆನೆಟರರು ಒಂದು ಒಡಂಬಡಿಕೆಯನ್ನು ಮಾಡಿಕೊಂಡು ಅನಾಹುತವನ್ನು ಮುಂದೂಡಿದರು. ಗೆರೆಯ ಮೇಲೆ ನಿಲ್ಲಬಲ್ಲವರು ಇನ್ನೂ ಇದ್ದರೆಂಬುದಕ್ಕೆ ಇದು ಕೊನೆಯ ದೊಡ್ಡ ಸಾಕ್ಷಿ.

ಅಧಿಕಾರವು ಕೈಬದಲಾದಾಗ ಮಾತುಗಳೂ ಬಾಯಿ ಬದಲಾದುವು. ಒಬಾಮಾ ಅವರ ಕಾಲದಲ್ಲಿ ತಡೆಯುವ ಸರದಿ ರಿಪಬ್ಲಿಕನ್ನರದಾಯಿತು. ೨೦೧೩ರ ನವೆಂಬರ್ ೨೧ರಂದು ಹ್ಯಾರಿ ರೀಡ್ ಅವರ ನಾಯಕತ್ವದಲ್ಲಿ ಡೆಮೊಕ್ರಾಟರು, ಎಂಟು ವರ್ಷಗಳ ಹಿಂದೆ ತಾವೇ ಖಂಡಿಸಿದ್ದ ಉಪಾಯವನ್ನು ಹಿಡಿದು, ಸರ್ವೋಚ್ಚ ನ್ಯಾಯಾಲಯವೊಂದನ್ನು ಬಿಟ್ಟು ಉಳಿದೆಲ್ಲ ನೇಮಕಗಳಿಗೆ ಸರಳ ಬಹುಮತವೇ ಸಾಕೆಂದು ೫೨ಕ್ಕೆ ೪೮ ಮತಗಳಿಂದ ತೀರ್ಮಾನಿಸಿದರು. ೨೦೧೬ರ ಫೆಬ್ರವರಿಯಲ್ಲಿ ಸ್ಕಾಲಿಯಾ ಅವರು ತೀರಿಕೊಂಡಾಗ, ಮಾರ್ಚ್ ೧೬ರಂದು ನಾಮನಿರ್ದೇಶಿತರಾದ ಮೆರಿಕ್ ಗಾರ್ಲಂಡ್ ಅವರಿಗೆ ರಿಪಬ್ಲಿಕನ್ ಬಹುಮತದ ಸಭೆಯು ವಿಚಾರಣೆಯನ್ನೇ ಕೊಡಲಿಲ್ಲ. ಚುನಾವಣೆಯ ವರ್ಷದಲ್ಲಿ ನಿರ್ಣಯವನ್ನು ಮತದಾರರಿಗೆ ಬಿಡಬೇಕೆಂದು ಹೇಳಿ, ಅದಕ್ಕೆ ಆಧಾರವಾಗಿ ೧೯೯೨ರಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಡೆಮೊಕ್ರಾಟ್ ಜೋ ಬೈಡನ್ ಅವರ ಭಾಷಣವೊಂದನ್ನು ಮುಂದಿಟ್ಟಿತು. ೨೯೩ ದಿನಗಳ ತರುವಾಯ, ೨೦೧೭ರ ಜನವರಿ ೩ರಂದು, ಆ ನಾಮನಿರ್ದೇಶನವು ತಾನಾಗಿಯೇ ಬಿದ್ದುಹೋಯಿತು. ಅದೇ ಏಪ್ರಿಲಿನಲ್ಲಿ ನೀಲ್ ಗೊರ್ಸಚ್ ಅವರ ನೇಮಕಕ್ಕೆ ಡೆಮೊಕ್ರಾಟರು ಫಿಲಿಬಸ್ಟರನ್ನು ಹೂಡಿದಾಗ, ಮಿಚ್ ಮೆಕಾನೆಲ್ ಅವರ ನಾಯಕತ್ವದ ರಿಪಬ್ಲಿಕನ್ನರು ೨೦೧೩ರ ಕ್ರಮವನ್ನು ಉದಾಹರಿಸಿ, ಉಳಿದಿದ್ದ ಆ ಒಂದು ಅಪವಾದವನ್ನೂ ತೊಡೆದುಹಾಕಿದರು.

ಮುಂದಿನ ಸಂಖ್ಯೆಗಳು ತಾವೇ ಮಾತನಾಡುತ್ತವೆ. ಗೊರ್ಸಚ್ ಅವರಿಗೆ ೫೪ಕ್ಕೆ ೪೫. ಗೆರೆ ದಾಟಿದ ಡೆಮೊಕ್ರಾಟರು ಮೂವರು. ಲೈಂಗಿಕ ಆಕ್ರಮಣದ ಆಪಾದನೆಯನ್ನು ಎದುರಿಸಿ ಅದನ್ನು ನಿರಾಕರಿಸಿದ ಬ್ರೆಟ್ ಕ್ಯಾವನಾ ಅವರಿಗೆ ೨೦೧೮ರಲ್ಲಿ ೫೦ಕ್ಕೆ ೪೮. ಗೆರೆ ದಾಟಿದ ಡೆಮೊಕ್ರಾಟ್ ಒಬ್ಬರು. ೨೦೨೦ರ ಅಕ್ಟೋಬರ್ ೨೬ರಂದು, ಚುನಾವಣೆಗೆ ಎಂಟು ದಿನಗಳಿದ್ದಾಗ, ಬ್ಯಾರೆಟ್ ಅವರಿಗೆ ೫೨ಕ್ಕೆ ೪೮. ಡೆಮೊಕ್ರಾಟರು ಯಾರೂ ಇಲ್ಲ. ಚುನಾವಣೆಯ ವರ್ಷದ ನಿಯಮವು ಅಧ್ಯಕ್ಷನೂ ಸೆನೆಟಿನ ಬಹುಮತವೂ ಬೇರೆ ಬೇರೆ ಪಕ್ಷಕ್ಕೆ ಸೇರಿದಾಗ ಮಾತ್ರ ಅನ್ವಯಿಸುತ್ತದೆಂದು ರಿಪಬ್ಲಿಕನ್ನರು ಈಗ ವ್ಯಾಖ್ಯಾನಿಸಿದರು. ೨೦೨೨ರಲ್ಲಿ ಆ ನ್ಯಾಯಾಲಯದ ಮೊದಲ ಕರಿಯ ಮಹಿಳಾ ನ್ಯಾಯಾಧೀಶರಾದ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಅವರಿಗೆ ೫೩ಕ್ಕೆ ೪೭. ದಾಟಿದ ರಿಪಬ್ಲಿಕನ್ನರು ಮೂವರು. ಜೀವಾವಧಿಯ ನ್ಯಾಯಾಧೀಶರನ್ನು ಟ್ರಂಪ್ ಅವರು ೨೦೧೭ರಿಂದ ನಾಲ್ಕು ವರ್ಷಗಳಲ್ಲಿ ೨೩೪ ಮಂದಿಯನ್ನೂ, ಬೈಡನ್ ಅವರು ಮುಂದಿನ ನಾಲ್ಕು ವರ್ಷಗಳಲ್ಲಿ ೨೩೫ ಮಂದಿಯನ್ನೂ ನೇಮಿಸಿದರು. ಒಂದು ಪಕ್ಷದ ಲೆಕ್ಕಕ್ಕೆ ಇನ್ನೊಂದು ಪಕ್ಷದ ಲೆಕ್ಕ ಹೀಗೆ ಹೆಚ್ಚುಕಡಿಮೆ ಸರಿಸಮವಾಗಿ ನಿಂತುದು ಕಾಕತಾಳೀಯವೆಂದು ನಮಗೆ ತೋರುವುದಿಲ್ಲ.

೬

ಈ ಪರಿಣಾಮಕ್ಕೆ ಮೂರು ಕಾರಣಗಳನ್ನು ನಾವು ಕಾಣುತ್ತೇವೆ. ಮೊದಲನೆಯದು ಪಕ್ಷಗಳ ಪುನರ್ವಿಂಗಡಣೆ. ೧೯೬೦ರ ದಶಕದ ನಾಗರಿಕ ಹಕ್ಕುಗಳ ಶಾಸನಗಳಿಂದ ಮೊದಲ್ಗೊಂಡು ದಕ್ಷಿಣದ ಸಂಪ್ರದಾಯನಿಷ್ಠ ಬಿಳಿಯರು ಡೆಮೊಕ್ರಾಟಿಕ್ ಪಕ್ಷವನ್ನೂ, ಈಶಾನ್ಯದ ಉದಾರವಾದಿಗಳು ರಿಪಬ್ಲಿಕನ್ ಪಕ್ಷವನ್ನೂ ಕ್ರಮೇಣ ತೊರೆದರು. ಹೇನ್ಸ್‌ವರ್ತ್ ಅವರನ್ನು ಸೋಲಿಸಿದ ಉದಾರವಾದಿ ರಿಪಬ್ಲಿಕನ್ನರ ಮತ್ತು ಮಾರ್ಷಲ್ ಅವರನ್ನು ವಿರೋಧಿಸಿದ ಸಂಪ್ರದಾಯನಿಷ್ಠ ಡೆಮೊಕ್ರಾಟರ ತಳಿಯೇ ಅಳಿದುಹೋಯಿತು. ಗೆರೆಯನ್ನು ದಾಟುತ್ತಿದ್ದವರ ಹೃದಯ ಹೆಚ್ಚು ವಿಶಾಲವಾಗಿತ್ತೆಂದು ತಿಳಿಯಬೇಕಾಗಿಲ್ಲ. ಅವರ ಅಭಿಪ್ರಾಯಗಳೂ ಅವರ ಪಕ್ಷವೂ ಪೂರ್ತಿಯಾಗಿ ಹೊಂದಿಕೊಂಡಿರಲಿಲ್ಲ, ಅಷ್ಟೆ.

ಎರಡನೆಯದು ನ್ಯಾಯಾಲಯದ ವ್ಯಾಪ್ತಿ. ವರ್ಣಭೇದ, ಗರ್ಭಪಾತ, ಚುನಾವಣೆಯ ವೆಚ್ಚ, ಬಂದೂಕಿನ ಹಕ್ಕು ಮುಂತಾದ ಪ್ರಶ್ನೆಗಳು ಒಂದೊಂದಾಗಿ ಆ ಒಂಬತ್ತು ಮಂದಿಯ ಕೈಗೆ ಬಂದುವು. ಗರ್ಭಪಾತದ ಹಕ್ಕನ್ನು ರಾಜ್ಯಾಂಗದತ್ತವೆಂದು ೧೯೭೩ರಲ್ಲಿ ಎತ್ತಿಹಿಡಿದ ತೀರ್ಪನ್ನು ೨೦೨೨ರ ಜೂನ್ ತಿಂಗಳಲ್ಲಿ ಅದೇ ನ್ಯಾಯಾಲಯವು ತಳ್ಳಿಹಾಕಿದಾಗ, ಬಹುಮತದಲ್ಲಿದ್ದವರಲ್ಲಿ ಮೂವರು ೨೦೧೭ರಿಂದ ೨೦೨೦ರ ನಡುವೆ ನೇಮಕವಾದವರು. ಲಕ್ಷಾಂತರ ಹೆಂಗಸರ ಬಾಳಿಗೆ ಸಂಬಂಧಿಸಿದ ನಿರ್ಣಯವು ಮೂರು ಮತಗಣನೆಗಳಲ್ಲಿ ಅಡಗಿತ್ತು. ಇಷ್ಟು ದೊಡ್ಡ ಫಲವಿರುವೆಡೆ ಪಕ್ಷಗಳು ನಿರಾಸಕ್ತವಾಗಿರಬೇಕೆಂದು ಬಯಸುವುದು ಮನುಷ್ಯಸ್ವಭಾವವನ್ನು ಅರಿಯದವರ ಮಾತು.

ಮೂರನೆಯದೇ ನಮ್ಮ ದೃಷ್ಟಿಯಲ್ಲಿ ಪ್ರಧಾನವಾದುದು. ರಾಜ್ಯಾಂಗವು ಮೌನವಾಗಿದ್ದ ಜಾಗಗಳನ್ನೆಲ್ಲ ತುಂಬಿದ್ದುದು ರೂಢಿ: ನಾಮನಿರ್ದೇಶಿತನಿಗೆ ವಿಚಾರಣೆಯನ್ನು ಕೊಡುವುದು, ಯೋಗ್ಯನಾದ ಎದುರು ಪಕ್ಷದವನನ್ನೂ ಒಪ್ಪಿಕೊಳ್ಳುವುದು, ತಡೆಯುವ ಅಧಿಕಾರವಿದ್ದರೂ ಅದನ್ನು ಪೂರ್ತಿಯಾಗಿ ಬಳಸದಿರುವುದು. ಈ ರೂಢಿಗಳಿಗೆ ಪರಸ್ಪರ ನಂಬಿಕೆಯ ಹೊರತು ಬೇರೆ ಕಾವಲಿರಲಿಲ್ಲ. ಅವುಗಳನ್ನು ಯಾರೂ ಒಂದೇ ದಿನ ಮುರಿಯಲಿಲ್ಲ. ಪ್ರತಿಯೊಂದು ಸಲವೂ ಎದುರಾಳಿಯ ಹಿಂದಿನ ತಪ್ಪನ್ನು ಮೇಲ್ಪಂಕ್ತಿಯನ್ನಾಗಿ ಇಟ್ಟುಕೊಂಡು, ಅದಕ್ಕಿಂತ ಒಂದು ಅಕ್ಷರ ಹೆಚ್ಚಾಗಿ ಬರೆಯಲಾಯಿತು. ೧೯೮೭ನ್ನು ತೋರಿಸಿ ೨೦೧೬, ೨೦೦೩ನ್ನು ತೋರಿಸಿ ೨೦೧೩, ೨೦೧೩ನ್ನು ತೋರಿಸಿ ೨೦೧೭. ನ್ಯಾಯಾಲಯಗಳಲ್ಲಿ ಪೂರ್ವನಿದರ್ಶನವು ಅಧಿಕಾರವನ್ನು ಕಟ್ಟಿಹಾಕುವ ಹಗ್ಗ. ಸೆನೆಟಿನಲ್ಲಿ ಅದು ಕಟ್ಟನ್ನು ಬಿಚ್ಚುವ ಕತ್ತಿಯಾಯಿತು. ಮೊದಲು ತಪ್ಪಿದವರು ಯಾರೆಂಬ ವಾದಕ್ಕೆ ಕೊನೆಯಿಲ್ಲ. ೧೭೯೫ರವರೆಗೂ ಹಿಂದೆ ಹಿಂದೆ ಹೋಗಬಹುದು. ವಿದ್ಯಾರ್ಥಿಗಳು ಆ ವಾದದಲ್ಲಿ ಒಂದು ಪಕ್ಷವನ್ನು ಹಿಡಿಯುವುದಕ್ಕಿಂತ, ಎರಡು ಪಕ್ಷಗಳೂ ಒಂದೇ ವಾದವನ್ನು ಸರದಿಯಂತೆ ಬಳಸಿರುವುದನ್ನು ಗಮನಿಸುವುದು ಉಚಿತ.

೭

ಭಾರತೀಯರಾದ ನಮಗೆ ಈ ಇತಿಹಾಸದ ಪ್ರಯೋಜನವೇನು? ನಮ್ಮ ರಾಜ್ಯಾಂಗ ರಚನಾಸಭೆಯು ಈ ಕ್ರಮವನ್ನು ಪರಿಶೀಲಿಸಿಯೇ ಬಿಟ್ಟಿತು. ೧೯೪೯ರ ಮೇ ೨೪ರಂದು ಡಾಕ್ಟರ್ ಅಂಬೇಡ್ಕರರು, ಪ್ರತಿಯೊಂದು ನೇಮಕಕ್ಕೂ ಶಾಸಕಾಂಗದ ಸಮ್ಮತಿಯನ್ನು ಪಡೆಯುವುದು ತೊಡಕಿನ ಕೆಲಸವೆಂದೂ ರಾಜಕೀಯ ಒತ್ತಡಕ್ಕೆ ಎಡೆಕೊಡುವುದೆಂದೂ ಹೇಳಿದರು. ಹಾಗೆಂದು ಕಾರ್ಯಾಂಗಕ್ಕೆ ನಿರಂಕುಶವಾಗಿ ಬಿಡುವುದನ್ನೂ ಅವರು ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶರೂ ಎಲ್ಲರಂತೆ ಮನುಷ್ಯರೇ ಆದುದರಿಂದ ಅವರ ಮಾತೇ ಕೊನೆಯದಾಗಬೇಕೆಂಬುದನ್ನೂ ಒಪ್ಪಲಿಲ್ಲ. ಸಮಾಲೋಚನೆಯೆಂಬ ನಡುದಾರಿಯನ್ನು ಆರಿಸಿದರು.

ನಡುದಾರಿಯಲ್ಲಿಯೂ ರಾಜಕೀಯವು ಎದುರಾಗದೆ ಇರಲಿಲ್ಲ. ಕನ್ನಡನಾಡಿನವರೂ ಹಿಂದೆ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರೂ ಆದ ಕೆ. ಎಸ್. ಹೆಗ್ಡೆಯವರೂ, ಅವರೊಡನೆ ಶೆಲತ್ ಮತ್ತು ಗ್ರೋವರ್ ಅವರೂ, ೧೯೭೩ರ ಏಪ್ರಿಲ್ ೨೪ರಂದು ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯಲ್ಲಿ ಸರ್ಕಾರಕ್ಕೆ ಒಪ್ಪಿಗೆಯಾಗದ ತೀರ್ಪನ್ನಿತ್ತರು. ಮರುದಿನವೇ, ಹಿರಿತನದಲ್ಲಿ ಮುಂದಿದ್ದ ಈ ಮೂವರನ್ನೂ ಬಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಗುವುದೆಂಬುದು ಪ್ರಕಟವಾಯಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು ಮುಂದೆ ಲೋಕಸಭೆಯ ಸಭಾಧ್ಯಕ್ಷರಾದರು. ಈ ನೇಮಕಕ್ಕೆ ಬಹಿರಂಗ ವಿಚಾರಣೆಯೂ ಇರಲಿಲ್ಲ, ಮತಗಣನೆಯೂ ಇರಲಿಲ್ಲ. ೧೯೯೩ರ ತೀರ್ಪಿನಿಂದ ಆಯ್ಕೆಯ ಅಧಿಕಾರವು ನ್ಯಾಯಾಧೀಶರ ಮಂಡಲಿಗೇ ಬಂದಿತು. ಅದನ್ನು ಬದಲಾಯಿಸಲು ಮಾಡಿದ ತಿದ್ದುಪಡಿಯನ್ನು ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿತು. ಅಮೆರಿಕದಲ್ಲಿ ಕಲಹವು ದೀಪದ ಕೆಳಗೆ ನಡೆಯುತ್ತದೆ. ನಮ್ಮಲ್ಲಿ ಕತ್ತಲೆಯಲ್ಲಿ ನಡೆದಿದೆ ಎಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದುದರಿಂದ ಬೇರೆಯವರ ಜಗಳವನ್ನು ನೋಡಿ ನಾವು ಬುದ್ಧಿವಂತರೆಂದು ಬೀಗಬೇಕಾಗಿಲ್ಲ. ನೇಮಿಸುವ ಅಧಿಕಾರವನ್ನು ಯಾರ ಕೈಗೆ ಕೊಟ್ಟರೂ ಆ ಕೈ ಮನುಷ್ಯನದೇ. ಸೆನೆಟಿನ ಇತಿಹಾಸವು ಕಲಿಸುವುದಿಷ್ಟು: ಸಂಸ್ಥೆಗಳನ್ನು ಉಳಿಸುವುದು ಲಿಖಿತ ವಿಧಿಗಳೊಂದೇ ಅಲ್ಲ, ಬಳಸಬಹುದಾದ ಅಧಿಕಾರವನ್ನು ಬಳಸದೆ ಬಿಡುವ ಸಂಯಮವೂ ಅವುಗಳನ್ನು ಉಳಿಸುತ್ತದೆ. ತನ್ನವರ ಮುನಿಸನ್ನು ಎದುರಿಸಿ ಗೆರೆಯನ್ನು ದಾಟಿದ ಒಬ್ಬ ಸೆನೆಟರನ ಮತವು ಸೋತ ಪಕ್ಷಕ್ಕೆ ಒಂದು ಭರವಸೆಯನ್ನು ಕೊಡುತ್ತಿತ್ತು. ಈ ನ್ಯಾಯಾಧೀಶನು ಗೆದ್ದವರ ನ್ಯಾಯಾಧೀಶ ಮಾತ್ರವಲ್ಲ, ನಮ್ಮವನೂ ಹೌದು ಎಂಬ ಭರವಸೆ. ಖಡ್ಗವೂ ಬೊಕ್ಕಸವೂ ಇಲ್ಲದ ನ್ಯಾಯಾಂಗಕ್ಕೆ ಇರುವ ಬಲವೆಲ್ಲ ಸೋತವನ ಈ ಒಪ್ಪಿಗೆಯಲ್ಲಿದೆ. ಅದು ಕ್ಷೀಣಿಸಿದಾಗ ತೀರ್ಪುಗಳು ಬರುತ್ತಲೇ ಇರುತ್ತವೆ. ತೀರ್ಪಿಗೆ ತಲೆಬಾಗುವ ಮನಸ್ಸು ಮಾತ್ರ ಕಡಮೆಯಾಗುತ್ತ ಹೋಗುತ್ತದೆ.